ಮೂರನೆಯ ಅಕ್ಷರ

ಗಂಡುಮಗು ಹುಟ್ಟಿದರೆ ಹೆಸರಿನ ವಿಷಯದಲ್ಲಿ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಅಜ್ಜನದೋ ಮುತ್ತಜ್ಜನದೋ ಹೆಸರನ್ನು ಇದ್ದದ್ದು ಇದ್ದ ಹಾಗೇ ಎತ್ತಿ ಇಟ್ಟುಬಿಡುತ್ತಾರೆ. ಹೆಣ್ಣುಮಗು ಹುಟ್ಟಿತೋ, ಮನೆಮಂದಿಗೆಲ್ಲ ಕಲೆ ಉಕ್ಕುತ್ತದೆ. ಇದ್ದ ಅಕ್ಷರ ಕೀಳುವವರು, ಇಲ್ಲದ್ದು ಸೇರಿಸುವವರು, ಬಾಯಿಗೆ ಬಾರದ ಅಕ್ಷರ ತುಂಬಿದ ಹಳೆಯ ಬರಹ ಯಾರಿಗೆ ಬೇಕು ಬಾಯಲ್ಲಿ ಹೇಳಿದ ಹಾಗೇ ಬರೆಯೋಣ ಎನ್ನುವವರು, ಬೀದಿಗಿಬ್ಬರು ಸಿಗುತ್ತಾರೆ. ಜನನ ನೋಂದಣಿ ಕಚೇರಿಯ ಗುಮಾಸ್ತೆ ಮೂವತ್ತೊಂದು ವರ್ಷದಿಂದ ಇದನ್ನು ನೋಡುತ್ತ ಬಂದಿದ್ದಳು. ಮೂವತ್ತೊಂದು ವರ್ಷದಿಂದಲೂ ಆಕೆಗೆ ಮೈ ಉರಿಯುತ್ತಿತ್ತು.

"ಕಿವಿಗೆ ಕೇಳ್ಸಿದ್ದನ್ನೆಲ್ಲ ಬರೀಬೇಕು ಅಂದ್ರೆ ಕೆಮ್ಮನ್ನೂ ಬರೀಬೇಕಾಗುತ್ತೆ" ಎಂದು ಪಕ್ಕದ ಮೇಜಿನಲ್ಲಿ ಸೀಲು ಒತ್ತುವಾಕೆಗೆ ಹೇಳುತ್ತಿದ್ದಳು. ಸೀಲಿನಾಕೆ ನಗುತ್ತಿದ್ದಳು. ಆಕೆ ಎಲ್ಲದಕ್ಕೂ ನಗುವವಳು, ಅದು ಬೇರೆ ಮಾತು.

ಮೊದಮೊದಲು ಗುಮಾಸ್ತೆ ಕೇಳಿಯೇ ಬರೆಯುತ್ತಿದ್ದಳು. "ಹಳೇ ಬರಹದಲ್ಲೇ ಬರೀಲಾ? ನೋಡೋಕೆ ಚೆನ್ನಾಗಿರುತ್ತೆ" ಎಂದರೆ, ನಿದ್ದೆಗೆಟ್ಟ ಅಪ್ಪಂದಿರು ಹೂಂ ಎಂದು ತಲೆ ಆಡಿಸುತ್ತಿದ್ದರು. ಬರಬರುತ್ತ ಕೇಳುವುದು ನಿಂತಿತು. ಪೋಷಕರು ಚೀಟಿಯಲ್ಲಿ ಹೇಗೇ ಬರೆದುಕೊಟ್ಟಿರಲಿ, ರಿಜಿಸ್ಟರಿನಲ್ಲಿ ಹೆಸರು ತನ್ನ ಪೂರ್ತಿ ಉಡುಗೆ ತೊಟ್ಟುಕೊಂಡೇ ಕೂರುತ್ತಿತ್ತು. ಹೆಚ್ಚಿನವರು ಗಮನಿಸುತ್ತಿರಲಿಲ್ಲ. ಗಮನಿಸಿ ವಾಪಸು ಬಂದವರಿಗೆ ಹಳದಿ ಫಾರಂ ಇತ್ತು.

ಕಚೇರಿಯಲ್ಲಿ ತಿದ್ದುಪಡಿಗೆ ಎರಡು ಫಾರಂ. ಹಳದಿಯದು ಪೋಷಕರ ತಪ್ಪಿಗೆ. 'ಹೆಸರಿನ ಅಕ್ಷರಗಳನ್ನು ನಾನೇ ತಪ್ಪಾಗಿ ಬರೆದುಕೊಟ್ಟಿದ್ದೆನು' ಎಂದು ಅದರಲ್ಲಿ ಅಚ್ಚಾಗಿತ್ತು. ಕೆಳಗೆ ತಾಯಿಯದೋ ತಂದೆಯದೋ ಸಹಿ, ಮನೆಯವರೊಬ್ಬರ ಸಾಕ್ಷಿ, ಅಲ್ಲಿಗೆ ಮುಗಿಯಿತು. ಬಿಳಿಯದು ಗುಮಾಸ್ತರ ತಪ್ಪಿಗೆ. ಅದು ಮುಖ್ಯ ಕಚೇರಿಗೆ ಹೋಗುತ್ತಿತ್ತು. ಅಲ್ಲಿಂದ ತಪಾಸಣೆಯವರು ಬಂದು, ಆ ಗುಮಾಸ್ತರು ಬರೆದ ಒಂದೊಂದು ಹೆಸರನ್ನೂ ಪೋಷಕರ ಚೀಟಿಯ ಪಕ್ಕದಲ್ಲಿಟ್ಟು ನೋಡುತ್ತಿದ್ದರು. ಚೀಟಿಗಳೆಲ್ಲ ಹಿಂದಿನ ಕೋಣೆಯಲ್ಲಿ ವರ್ಷಕ್ಕೊಂದು ಗಂಟಾಗಿ ಕೂತಿದ್ದವು.

ಗುಮಾಸ್ತೆ ಬಿಳಿ ಫಾರಂ ಒಮ್ಮೆಯೂ ತೆಗೆದವಳಲ್ಲ. ವಾಪಸು ಬಂದವರ ಮುಂದೆ ಹಳದಿಯದನ್ನು ಸರಿಸಿ, "ಇಲ್ಲೊಂದು ಸಹಿ, ಇವತ್ತೇ ಸರಿಹೋಗುತ್ತೆ" ಎನ್ನುತ್ತಿದ್ದಳು. ಕಂಕುಳಲ್ಲಿ ಮಗು ಅಳುತ್ತಿರುವಾಗ ಅಚ್ಚಾದದ್ದನ್ನು ಓದುತ್ತ ಕೂರುವವರು ಯಾರು? ಸಹಿ ಬೀಳುತ್ತಿತ್ತು. ಹೀಗಾಗಿ ಆಕೆಯ ಹೆಸರಿನ ಮುಂದೆ ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ತಪ್ಪೂ ಇರಲಿಲ್ಲ. ಆಕೆ ನಿವೃತ್ತಿಯಾಗಲು ಇನ್ನು ಐದು ತಿಂಗಳಿತ್ತು. ಸಾಹೇಬರು ಈಗಲೇ ಭಾಷಣ ತಯಾರು ಮಾಡುತ್ತಿದ್ದರು. "ಒಂದು ಚಿತ್ತು ತೋರಿಸಿ ನೋಡೋಣ ಅಂತ ಬಂದೋರ ಮುಂದೆ ರಿಜಿಸ್ಟರ್ ಇಡ್ತೀನಿ" ಎಂದು ಮೀಸೆ ತಿರುವುತ್ತಿದ್ದರು.

ಹೀಗಿರುವಾಗ ಆಕೆಯ ಮಗಳಿಗೆ ಹೆಣ್ಣುಮಗು ಹುಟ್ಟಿತು.

ಮಗುವಿಗೆ ಹೆಸರು ಹುಡುಕುವ ಕಷ್ಟವಿರಲಿಲ್ಲ. ಮಗಳ ಅತ್ತೆ, ಅಂದರೆ ಗುಮಾಸ್ತೆಯ ಬೀಗಿತ್ತಿ, ತಮ್ಮ ತೀರಿಹೋದ ತಾಯಿಯ ಹೆಸರನ್ನು ಮಗು ಹೊಟ್ಟೆಯಲ್ಲಿರುವಾಗಲೇ ಸಿದ್ಧಮಾಡಿ ಇಟ್ಟಿದ್ದರು. ಕರೆಯಲು ಚಿಕ್ಕ ಹೆಸರು, ಒಂದೇ ಉಸಿರಿಗೆ ಮುಗಿಯುತ್ತದೆ. ಬರೆಯಲು ಹೊರಟರೆ ಮಾತ್ರ ಉದ್ದ. ಹಳೆಯ ಬರಹದಲ್ಲಿ ಅದರ ನಡುವೆ ಯಾವ ನಾಲಗೆಯೂ ಉಚ್ಚರಿಸದ ಎರಡು ಅಕ್ಷರಗಳಿದ್ದವು, ಮದುವೆಮನೆಯಲ್ಲಿ ಹುಲ್ಲುಕಡ್ಡಿ ಎತ್ತಿಡದೆ ಊಟಕ್ಕೆ ಮಾತ್ರ ಬಂದು ಕೂರುವ ನೆಂಟರ ಹಾಗೆ. ಮಗಳು ಆ ಎರಡನ್ನು ಬಿಟ್ಟು, ಕರೆಯುವ ಹಾಗೇ ಬರೆಸಬೇಕೆಂದಳು. ಬೀಗಿತ್ತಿ ವಾರವಿಡೀ ಮುಖ ಊದಿಸಿಕೊಂಡಿದ್ದರು. ಕೊನೆಗೆ "ಹೆಸರು ನಮ್ಮಮ್ಮಂದು ಇಟ್ಟೆಯಲ್ಲ, ಬರೆಯೋದು ನಿನ್ನಿಷ್ಟ" ಎಂದು ಬಾಯಿಮಾತಿಗೆ ಒಪ್ಪಿದರು. ಅಳಿಯ, "ನೀವ್ನೀವೇ ಏನಾದ್ರೂ ಮಾಡ್ಕೊಳ್ಳಿ" ಎಂದು ಕೆಲಸಕ್ಕೆ ಹೋದ.

ಗುಮಾಸ್ತೆಗೂ ಹಳೆಯದೇ ಇಷ್ಟವಿತ್ತು. ಆದರೆ ಮಗಳ ಮುಂದೆ ಬಾಯಿ ಬಿಡುವ ಹಾಗಿರಲಿಲ್ಲ. ಮಗಳ ಹೆಸರನ್ನು ಹಳೆಯ ಬರಹದಲ್ಲಿ ಬರೆದಿಟ್ಟವಳು ಆಕೆಯೇ. ಶಾಲೆಯಲ್ಲಿ ಪ್ರತಿ ವರ್ಷದ ಮೊದಲ ದಿನ ಹೊಸ ಟೀಚರು ಅದನ್ನು ಓದಲು ಹೋಗಿ ಮುಗ್ಗರಿಸುವುದು, ತರಗತಿಯೆಲ್ಲ ಗೊಳ್ಳೆನ್ನುವುದು, ಇದು ಹತ್ತು ವರ್ಷ ನಡೆಯಿತು. ಅದೆಲ್ಲ ಹೋಗಲಿ ಎಂದರೆ, ಏಳು ತಿಂಗಳ ಬಸುರಿಯಾಗಿದ್ದಾಗ ಆಸ್ಪತ್ರೆಯಲ್ಲಿ ನರ್ಸ್ ಹೆಸರನ್ನು ಬರೆದ ಹಾಗೇ ಓದಿ ಮೂರು ಸಲ ಕೂಗಿದಳು. ಅದು ತನ್ನ ಹೆಸರೆಂದು ಮಗಳಿಗೆ ಗೊತ್ತಾಗಲಿಲ್ಲ. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತಿದ್ದು, ಎದ್ದು ಹೋಗಿ ಕೇಳಿದರೆ, ಕರೆದಾಗ ಎಲ್ಲಿ ಹಾಳಾಗಿ ಹೋಗಿದ್ರಿ ಎಂದು ಬೈಸಿಕೊಂಡಳು. ಮನೆಗೆ ಬಂದು ಅತ್ತಳು.

ಬಾಣಂತಿ ಮಗಳು ಹಾಸಿಗೆಯಲ್ಲಿ ಕೂತೇ ಚೀಟಿ ಬರೆದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ವೈದ್ಯರ ಗೀಚು ಓದಿ ಓದಿ ಬೇಸತ್ತವಳು. ತನ್ನ ಅಕ್ಷರ ಮಾತ್ರ ಮುತ್ತಿನ ಹಾಗೆ ಬರೆಯುತ್ತಿದ್ದಳು.

"ಅಮ್ಮ, ಇದನ್ನ ನೋಡ್ಕೊಂಡೇ ಬರಿ. ನಿನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ" ಎಂದು ನಕ್ಕಳು.

"ನೀನು ಬರೆದ ಹಾಗೇ ಬರೀತೀನಿ ಕಣೇ" ಎಂದಳು ಗುಮಾಸ್ತೆ.

ಹಾಗೇ ಬರೆಯಬೇಕೆಂದೇ ಆಕೆ ಮರುದಿನ ರಿಜಿಸ್ಟರ್ ತೆರೆದದ್ದು. ಚೀಟಿಯನ್ನು ಎಡಗಡೆ ಇಟ್ಟು, ಅದರ ಮೇಲೆ ಕಾಗದದ ಭಾರ ಇಟ್ಟಳು. ಮೊಮ್ಮಗಳ ಸಾಲೆಂದು ಹೊಸ ನಿಬ್ಬು ಹಾಕಿದಳು. ತಾಯಿಯ ಹೆಸರು, ತಂದೆಯ ಹೆಸರು, ಹುಟ್ಟಿದ ಹೊತ್ತು ಬರೆದಾಯಿತು. ಮಗುವಿನ ಹೆಸರಿಗೆ ಬಂದಾಗ ಸೀಲಿನಾಕೆ "ಅಜ್ಜಿ ಆದ್ರಿ, ಸಿಹಿ ಎಲ್ಲಿ?" ಎಂದು ಏನೋ ತಮಾಷೆ ಮಾಡಿದಳು. ಗುಮಾಸ್ತೆ ನಗುತ್ತಲೇ ಬರೆಯತೊಡಗಿದಳು. ಮೂವತ್ತೊಂದು ವರ್ಷ ಒಂದೇ ದಾರಿಯಲ್ಲಿ ನಡೆದ ಕೈ ಅದು, ತನ್ನ ದಾರಿ ಹಿಡಿಯಿತು.

ಮೂರನೆಯ ಅಕ್ಷರ ಬರೆಯುವಾಗ ಆಕೆಗೆ ಗೊತ್ತಾಯಿತು. ಅದು ಚೀಟಿಯಲ್ಲಿ ಇಲ್ಲದ ಅಕ್ಷರ.

ಪೆನ್ನು ನಿಂತಿತು. ಒಂದು ಗೀಟು ಎಳೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಿ, ಮೊದಲಿನಿಂದ ಬರೆದಿದ್ದರೆ ಆಗಿತ್ತು. ನಿಯಮದಲ್ಲೇ ಅವಕಾಶವಿತ್ತು. ಆದರೆ ಆಕೆಯ ರಿಜಿಸ್ಟರಿನಲ್ಲಿ ಗೀಟು ಎಂಬುದೇ ಇರಲಿಲ್ಲ. ಮೊದಲನೆಯ ಗೀಟು ಮೊಮ್ಮಗಳ ಹೆಸರಿನ ಮೇಲೇ ಬೀಳಬೇಕೆ ಎಂದುಕೊಂಡಳು. ಆ ಅಕ್ಷರ ಎಷ್ಟು ದುಂಡಗೆ ಬಿದ್ದಿತ್ತೆಂದರೆ ಅದನ್ನು ಹೊಡೆದುಹಾಕಲು ಮನಸ್ಸು ಬರಲಿಲ್ಲ. ಉಳಿದದ್ದನ್ನೂ ಬರೆದು ಮುಗಿಸಿದಳು. ಸೀಲಿನಾಕೆ ಪ್ರಮಾಣಪತ್ರಕ್ಕೆ ಸೀಲು ಒತ್ತಿದಳು.

ಪ್ರಮಾಣಪತ್ರ ಅಂಚೆಯಲ್ಲಿ ಹೋದ ಎರಡನೇ ದಿನ ಮಗಳ ಫೋನ್ ಬಂತು. ಸಿಟ್ಟೇನೂ ಇರಲಿಲ್ಲ, ಅದೇ ಗುಮಾಸ್ತೆಗೆ ಕಷ್ಟವಾದದ್ದು.

"ಅಮ್ಮ, ನೀನು ಮಾತು ಕೊಟ್ಟಿದ್ದೆ, ನಿಮ್ಮ ಆಫೀಸಲ್ಲಿ ಬೇರೆ ಯಾರೋ ಬರೆದು ಎಡವಟ್ಟು ಮಾಡಿದಾರೆ ಅನ್ಸುತ್ತೆ. ಹಳೇ ಬರಹ ಬಂದುಬಿಟ್ಟಿದೆ. ಅತ್ತೆಗಂತೂ ಹಬ್ಬ. ನೀನೇ ಇದೀಯಲ್ಲ, ಸರಿ ಮಾಡಿಸು."

"ನೋಡ್ತೀನಿ" ಎಂದಳು ಗುಮಾಸ್ತೆ. ನಾನೇ ಬರೆದದ್ದು ಎನ್ನಲಿಲ್ಲ. ಫೋನಿಟ್ಟ ಮೇಲೆ, ಹೇಳಬೇಕಾಗಿದ್ದ ಹೊತ್ತು ಇದೇ ಆಗಿತ್ತು ಎಂದು ಹೊಳೆಯಿತು.

ತಿದ್ದುಪಡಿಗೆ ಮೂವತ್ತು ದಿನದ ಗಡುವು. ಆಮೇಲೆ ಕೋರ್ಟಿಗೆ ಅಲೆಯಬೇಕು. ಗುಮಾಸ್ತೆ ದಿನಾ ಬೆಳಿಗ್ಗೆ ಕಚೇರಿಗೆ ಬಂದು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಇನ್ನೆಷ್ಟು ದಿನ ಎಂದು ನೋಡುವುದು. ಬಿಳಿ ಫಾರಂ ತೆಗೆದರೆ ತಪಾಸಣೆಯವರು ಬರುತ್ತಾರೆ, ಗಂಟು ಬಿಚ್ಚುತ್ತಾರೆ. ಎಷ್ಟು ಹೆಣ್ಣುಮಕ್ಕಳ ಚೀಟಿ ಒಂದು ಹೇಳುತ್ತದೆ, ರಿಜಿಸ್ಟರ್ ಇನ್ನೊಂದು ಹೇಳುತ್ತದೆ ಎಂಬುದನ್ನು ಆಕೆ ಲೆಕ್ಕ ಹಾಕಿರಲಿಲ್ಲ, ಹಾಕುವ ಧೈರ್ಯವೂ ಇರಲಿಲ್ಲ. ವಾಪಸು ಬಂದ ತಾಯಂದಿರಿಂದಲೇ 'ನನ್ನ ತಪ್ಪು' ಎಂದು ಬರೆಸಿಕೊಂಡದ್ದು ಹೊರಬಿದ್ದರೆ, ಸಾಹೇಬರ ಭಾಷಣ ಹಾಗಿರಲಿ, ಕಚೇರಿಯ ಮೆಟ್ಟಿಲಿಳಿದು ಬೀದಿಯಲ್ಲಿ ತಲೆಯೆತ್ತಿ ನಡೆಯಲು ಆಗುತ್ತಿರಲಿಲ್ಲ. ಹಳದಿಯದನ್ನು ತೆಗೆದರೆ ಮಗಳೇ ಸುಳ್ಳಿಗೆ ಸಹಿ ಹಾಕಬೇಕು. ಅಡಕತ್ತರಿಯಲ್ಲಿ ಸಿಕ್ಕಿಕೊಂಡ ಹಾಗಾಗಿತ್ತು ಆಕೆಯ ಸ್ಥಿತಿ.

ಒಂದು ದಿನ ಮೆಲ್ಲನೆ ಸಾಹೇಬರ ಕೋಣೆಗೆ ಹೋಗಿ, "ಒಂದು ಸಣ್ಣ ತಿದ್ದುಪಡಿ, ಯಾವ ಫಾರಮ್ಮೂ ಇಲ್ಲದೆ ಮಾಡ್ಬೋದಾ ಸಾರ್?" ಎಂದು ಕೇಳಿದಳು.

ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ಫಾರಂ ಇಲ್ಲದೆ ಏನೂ ಆಗಲ್ಲ ಅಂತ ನನಗೆ ಕಲಿಸಿದೋರೇ ನೀವು" ಎಂದು ನಕ್ಕುಬಿಟ್ಟರು. ಆಕೆಯೂ ನಗಬೇಕಾಯಿತು.

ಇಪ್ಪತ್ತಾರನೆಯ ದಿನ ಭಾನುವಾರ. ಮಗಳ ಮನಸ್ಸನ್ನೇ ಬದಲಾಯಿಸಿದರೆ ಎರಡು ಫಾರಮ್ಮೂ ಬೇಕಾಗುವುದಿಲ್ಲವೆಂದು ಗುಮಾಸ್ತೆ ಅವರ ಮನೆಗೆ ಹೋದಳು. ಬೀಗಿತ್ತಿ ಬಾಗಿಲಲ್ಲೇ ಕೈ ಹಿಡಿದುಕೊಂಡರು.

"ಪ್ರಮಾಣಪತ್ರ ನೋಡಿ ಜೀವ ತಂಪಾಯ್ತು ಬೀಗರೇ. ನಮ್ಮಮ್ಮನ ಹೆಸರು ನಮ್ಮಮ್ಮನ ಹಾಗೇ ಇದೆ. ಇವಳು ನೋಡಿದ್ರೆ ಆಫೀಸಿನ ತಪ್ಪು, ಆಫೀಸಿನ ತಪ್ಪು ಅಂತ ಒಂದೇ ಸಮ ಹಾಡ್ತಿದಾಳೆ. ನೀವಿರೋ ಆಫೀಸಲ್ಲಿ ತಪ್ಪಾಗುತ್ತಾ? ಇವಳೇ ಏನೋ ಬರೆದುಕೊಟ್ಟು ಈಗ ಮಾತು ತಿರುಗಿಸ್ತಿರಬೇಕು."

ಗುಮಾಸ್ತೆ ಕಾಫಿ ಲೋಟದಲ್ಲಿ ಮುಖ ಹುದುಗಿಸಿದಳು.

ಒಳಕೋಣೆಯಲ್ಲಿ ಮಗಳು ಮಗುವಿನ ಬಟ್ಟೆ ಮಡಚುತ್ತಿದ್ದಳು. "ಹಳೇದೇ ಇರಲಿ ಬಿಡೇ" ಎಂದಳು ಗುಮಾಸ್ತೆ. "ಬರೆದಿದ್ದು ಬರೆದಾಯ್ತು. ನೋಡೋಕೂ ಲಕ್ಷಣವಾಗಿದೆ. ಅವರಿಗೂ ಸಮಾಧಾನ."

ಮಗಳು ಮಡಚುವುದನ್ನು ನಿಲ್ಲಿಸಲಿಲ್ಲ. "ಅಮ್ಮ, ಈ ಮನೇಲಿ ಪರದೆ ಬಣ್ಣ ನಾನ್ ಹೇಳಿದ್ದಲ್ಲ. ಪುಟ್ಟಿಗೆ ಸ್ನಾನ ಮಾಡ್ಸೋ ಹೊತ್ತು ನಾನ್ ಹೇಳಿದ್ದಲ್ಲ. ನಾನು ಕೆಲಸಕ್ಕೆ ವಾಪಸ್ ಯಾವಾಗ ಹೋಗ್ಬೇಕು ಅನ್ನೋದನ್ನೂ ಅವರೇ ಹೇಳ್ತಾರೆ. ಹೆಸರು ಅವರಮ್ಮಂದು. ಅದನ್ನ ಬರೆಯೋ ರೀತಿ ಒಂದು ಮಾತ್ರ ನಂದಾಗಿತ್ತು." ಬಟ್ಟೆಯ ಅಂಚು ಸರಿಮಾಡಿದಳು. "ಒಂದು ತಿಂಗಳಿಂದ ಇಲ್ಲಿ ನನ್ನನ್ನ ಸುಳ್ಳಿ ಅಂತಿದಾರೆ. ಆಫೀಸಿನ ತಪ್ಪು ಅಂತ ಒಂದು ಕಾಗದ ತಂದು ತೋರಿಸಿದ್ರೆ ಬಾಯಿ ಮುಚ್ಚುತ್ತೆ. ಅದಕ್ಕೇ ಕಾಯ್ತಿದೀನಿ."

ಗುಮಾಸ್ತೆ ಎದ್ದು ಬಂದಳು. ಬಸ್ಸಿನಲ್ಲಿ ಕೂತಾಗ, ನಾಳೆ ಹೋದವಳೇ ಬಿಳಿ ಫಾರಂ ತುಂಬಿಸುತ್ತೇನೆ ಎಂದು ಗಟ್ಟಿ ಮಾಡಿಕೊಂಡಳು. ಮರುದಿನ ತೆಗೆದೂ ತೆಗೆದಳು. ಮೇಲಿನ ಸಾಲಿನಲ್ಲಿ 'ತಪ್ಪು ಎಸಗಿದ ಗುಮಾಸ್ತರ ಹೆಸರು' ಎಂದಿತ್ತು. ಎಸಗಿದ ಎಂಬ ಪದ ನೋಡಿ ಆಕೆಗೆ ಕೊಲೆ ಮಾಡಿದವರ ನೆನಪಾಯಿತು. ಮಡಚಿ ಒಳಗಿಟ್ಟಳು. ಮಾರನೆಯ ದಿನವೂ, ಅದರ ಮಾರನೆಯ ದಿನವೂ ಮುಟ್ಟಲಿಲ್ಲ. ಆ ಸಂಜೆ ಮಗಳಿಗೆ ಫೋನ್ ಮಾಡಿ, ನಾಳೆ ಕೊನೆಯ ದಿನ, ಸಾಕ್ಷಿ ಸಹಿಗೆ ಗಂಡನನ್ನು ಕರೆದುಕೊಂಡು ಬಾ ಎಂದಷ್ಟೇ ಹೇಳಿದಳು.

ಮೂವತ್ತನೆಯ ದಿನ, ಕೌಂಟರು ಮುಚ್ಚಲು ಅರ್ಧ ಗಂಟೆ ಇರುವಾಗ ಮಗಳು ಬಂದಳು. ಹೆಗಲ ಮೇಲೆ ಪುಟ್ಟಿ ಮಲಗಿತ್ತು. ಕೌಂಟರೆಂದರೆ ಸೊಂಟದೆತ್ತರದ ಮರದ ಕಟ್ಟೆ. ಈಚೆಗೆ ತಾಯಿ, ಆಚೆಗೆ ಮಗಳು.

"ಸಾಕ್ಷಿ ಸಹಿ ಬೇಕು ಅಂದ್ಯಲ್ಲ, ಅವರು ಕೆಲಸ ಬಿಟ್ಟು ಬರೋಕಾಗಲ್ಲ ಅಂದ್ರು. ಅತ್ತೆ ಬಂದಿದಾರೆ. ಮೆಟ್ಟಿಲು ಹತ್ತೋಕಾಗದೆ ನಡುವೆ ಕೂತಿದಾರೆ" ಎಂದಳು ಮಗಳು.

ಗುಮಾಸ್ತೆಯ ಲೆಕ್ಕಾಚಾರವೆಲ್ಲ ಅಲ್ಲೇ ತಲೆಕೆಳಗಾಯಿತು. ಅಳಿಯ ಬಂದಿದ್ದರೆ ಏನನ್ನೂ ಓದದೆ ಸಹಿ ಹಾಕಿ ಹೋಗುತ್ತಿದ್ದ. ಬೀಗಿತ್ತಿ ಬೆಂಕಿಪೊಟ್ಟಣದ ಮೇಲಿನದನ್ನೂ ಬಿಡದೆ ಓದುವವರು. ಆದರೂ ಕೈ ಮಾತ್ರ ಎಂದಿನಂತೆ ಹೋಗಿ ಹಳದಿ ಫಾರಮ್ಮನ್ನೇ ಎತ್ತಿ ಕಟ್ಟೆಯ ಮೇಲೆ ಸರಿಸಿತು.

"ಇಲ್ಲೊಂದು ಸಹಿ. ಇವತ್ತೇ ಸರಿಹೋಗುತ್ತೆ."

ಮಗಳು ಓದಿದಳು. ಇನ್ನೊಮ್ಮೆ ಓದಿದಳು. "ನಾನೇ ತಪ್ಪಾಗಿ ಬರೆದುಕೊಟ್ಟಿದ್ದೆನು ಅಂತಿದೆ. ನಾನು ಸರಿಯಾಗೇ ಬರೆದುಕೊಟ್ಟಿದ್ನಲ್ಲಮ್ಮ."

"ಅದು ಸುಮ್ನೆ ಬರಹ ಕಣೇ. ಎಲ್ರೂ ಇದಕ್ಕೇ ಸಹಿ ಹಾಕೋದು."

"ಎಲ್ರೂ ಅಂದ್ರೆ?"

ಗುಮಾಸ್ತೆ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು. ಮಗಳ ಕಣ್ಣು ಕಟ್ಟೆಯ ಈಚೆ ಇದ್ದ ಎರಡು ಫಾರಂ ಕಟ್ಟುಗಳ ಮೇಲೆ ಹೋಯಿತು. ಹಳದಿಯದು ಸವೆದು ತೆಳ್ಳಗಾಗಿತ್ತು. ಬಿಳಿಯದು ಅಂಗಡಿಯಿಂದ ತಂದ ಹಾಗೇ ಇತ್ತು.

"ನಮ್ಮ ಪುಟ್ಟೀದು ಬರೆದೋರು ಯಾರು?" ಎಂದಳು ಮಗಳು.

"ನಾನೇ."

"ಬರೆಯೋವಾಗ ಗೊತ್ತಾಗ್ಲಿಲ್ವಾ?"

ಇಲ್ಲ ಎಂದಿದ್ದರೆ ಮಗಳು ನಂಬುತ್ತಿದ್ದಳು. ಕೈತಪ್ಪು ಎಂದು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಆದರೆ ತಿಂಗಳಿಂದ ಒಳಗೇ ಇಟ್ಟುಕೊಂಡು ಗುಮಾಸ್ತೆಗೆ ಸಾಕಾಗಿತ್ತು. "ಮೂರನೇ ಅಕ್ಷರಕ್ಕೆ ಗೊತ್ತಾಯ್ತು" ಎಂದಳು.

"ಆಮೇಲೂ ಬರೆದೆ."

"ಆಮೇಲೂ ಬರೆದೆ."

ಮಗಳು ಮಗುವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದಳು. "ಹಾಗಾದ್ರೆ ಬಿಳೀದು ಕೊಡಮ್ಮ."

"ಅದನ್ನ ತೆಗೆದ್ರೆ ಹಳೇದೆಲ್ಲ ತೆಗೀತಾರೆ. ಇನ್ನು ನಾಲ್ಕು ತಿಂಗಳಿದೆ ನನಗೆ. ನಾನು ಮುಗಿದೆ ಅಂತಲೇ ಲೆಕ್ಕ."

"ಇದಕ್ಕೆ ಸಹಿ ಹಾಕಿದ್ರೆ ಆ ಮನೇಲಿ ನಾನು ಮುಗಿದೆ. ಅದು ಗೊತ್ತಲ್ವಾ ನಿನಗೆ?"

ಗೊತ್ತಿತ್ತು. ಬಿಳಿ ಫಾರಂ ಒಂದು ಗೇಣು ದೂರದಲ್ಲಿತ್ತು. ತೆಗೆದುಕೊಡು, ತೆಗೆದುಕೊಡು ಎಂದು ಒಳಗೊಂದು ದನಿ ಬಡಿದುಕೊಳ್ಳುತ್ತಿತ್ತು. ಹಿಂದಿನ ಕೋಣೆಯ ಬಾಗಿಲು ತೆರೆದೇ ಇತ್ತು, ಚೀಟಿಯ ಗಂಟುಗಳು ಕಾಣುತ್ತಿದ್ದವು. ಮಗಳು ಕಾದಳು. ಗಡಿಯಾರ ನೋಡಲಿಲ್ಲ, ತಾಯಿಯ ಕೈಯನ್ನೇ ನೋಡುತ್ತ ನಿಂತಿದ್ದಳು. ಆ ಕೈ ಕಟ್ಟೆಯ ಮೇಲಿಂದ ಏಳಲಿಲ್ಲ.

ಮೆಟ್ಟಿಲಲ್ಲಿ ಬೀಗಿತ್ತಿಯ ಏದುಸಿರು ಕೇಳಿಸಿತು. ಮಗಳು ಪೆನ್ನು ತೆಗೆದುಕೊಂಡು ಹಳದಿ ಫಾರಮ್ಮಿನ ಕೆಳಗೆ ಸಹಿ ಹಾಕಿದಳು. ಅಕ್ಷರ ಮುತ್ತಿನ ಹಾಗೇ ಇತ್ತು.

"ಎಲ್ಲಮ್ಮ ನಾನ್ ಸಹಿ ಹಾಕ್ಬೇಕಾದ್ದು?" ಎನ್ನುತ್ತ ಬಂದ ಬೀಗಿತ್ತಿ ಫಾರಮ್ಮನ್ನು ಕೈಗೆತ್ತಿಕೊಂಡು, ಕಣ್ಣಿನಿಂದ ದೂರ ಹಿಡಿದು, ಗಟ್ಟಿಯಾಗಿಯೇ ಓದಿದರು. ಓದಿ ಮುಗಿಸಿ ಸೊಸೆಯ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿಗಿಂತ ಖುಷಿಯೇ ಹೆಚ್ಚಾಗಿತ್ತು.

"ಅಂದ್ರೆ ಮೊದಲು ಹಳೇದನ್ನೇ ಬರೆದುಕೊಟ್ಟಿದ್ದೋಳು ನೀನೇ. ಆಫೀಸಿನ ತಪ್ಪು ಅಂತ ತಿಂಗಳಿಡೀ ನಮ್ಮ ಕಿವಿ ಮೇಲೆ ಹೂ ಇಟ್ಟಿದ್ದೋಳೂ ನೀನೇ." ಆಮೇಲೆ ಗುಮಾಸ್ತೆಯ ಕಡೆ ನೋಡಿ, "ನೀವೇ ಹೇಳಿ ಬೀಗರೇ. ಇವಳು ನಿಮ್ಮ ಕೈಗೆ ಏನಂತ ಬರೆದುಕೊಟ್ಟಿದ್ಲು?" ಎಂದರು.

ಮಗಳು ತಾಯಿಯ ಮುಖ ನೋಡಲಿಲ್ಲ. ಮಗುವಿನ ಟೋಪಿ ಸರಿಮಾಡುತ್ತ ಕೇಳಿಸಿಕೊಳ್ಳುತ್ತಿದ್ದಳು. ಸೀಲಿನಾಕೆ ಈ ಸಲ ನಗಲಿಲ್ಲ.

"ಫಾರಂನಲ್ಲಿ ಏನಿದೆಯೋ ಅದೇ ದಾಖಲೆ" ಎಂದಳು ಗುಮಾಸ್ತೆ. ಅದು ಆಕೆಯ ಬಾಯಿಯಿಂದ ಸಾವಿರ ಸಲ ಬಂದ ಮಾತು, ಯಾವ ತಡೆಯೂ ಇಲ್ಲದೆ ಬಂತು.

"ಅಷ್ಟು ಸಾಕು" ಎಂದರು ಬೀಗಿತ್ತಿ. ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿ, ಫಾರಮ್ಮನ್ನು ಸೊಸೆಯ ಕೈಗೆ ಕೊಟ್ಟು, ಇಳಿಯಲು ಹೊತ್ತಾಗುತ್ತದೆಂದು ಮುಂದೆ ಹೋದರು.

ಕಟ್ಟೆಯ ಎರಡು ಬದಿಗೆ ತಾಯಿ ಮಗಳು ಉಳಿದರು. ಗದ್ದಲಕ್ಕೆ ಮಗು ಎಚ್ಚರವಾಗಿ ಮುಲುಕುತ್ತಿತ್ತು. ಗುಮಾಸ್ತೆಗೆ ಒಂದು ಗಳಿಗೆ ಮೊಮ್ಮಗಳನ್ನು ಎದೆಗೊತ್ತಿಕೊಂಡರೆ ಸಾಕೆನಿಸಿತು, ಮಗಳಿಗೂ ಅದರಿಂದ ಏನೋ ತಿಳಿಯುತ್ತದೆ ಅನ್ನಿಸಿತು. ಕುರ್ಚಿಯಿಂದ ಎದ್ದು, ಕಟ್ಟೆಯಾಚೆಗೆ ಎರಡೂ ಕೈ ಚಾಚಿದಳು.

ಮಗಳು ಆ ಕೈಗಳನ್ನು ನೋಡಿದಳು. ನೋಡಿ, ಅವುಗಳ ಮೇಲೆ ಹಳದಿ ಫಾರಂ ಇಟ್ಟಳು.

"ಇದಕ್ಕೊಂದು ಸ್ವೀಕೃತಿ ಕೊಡಿ" ಎಂದಳು. "ಮನೇಲಿ ತೋರಿಸ್ಬೇಕು."

ಗುಮಾಸ್ತೆ ಕೂತು, ಸ್ವೀಕೃತಿ ಪುಸ್ತಕ ಎಳೆದುಕೊಂಡು, ಮಗುವಿನ ಹೆಸರನ್ನು ಮಗಳು ಹೇಳಿದ ಹಾಗೆ ಒಂದೊಂದೇ ಅಕ್ಷರವಾಗಿ ಬರೆದುಕೊಟ್ಟಳು.